ನೀರಿಗೆ ಹೋಗದ ಬಣ್ಣ

ಮೊನ್ನೆ ಸಿರುಗುಪ್ಪದಿಂದ ಬಳ್ಳಾರಿಗೆ ಬರುವ ಬಸ್ಸಿನಲ್ಲಿ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಅದೇನು ದೊಡ್ಡ ಸುದ್ದಿಯಲ್ಲ. ನಮ್ಮ ಕಡೆ ಅರ್ಧ ಬಸ್ಸು ತಲೆಗೆ ಎಣ್ಣೆ ಹಚ್ಚಿಕೊಂಡೇ ಹತ್ತುತ್ತದೆ. ಆದರೆ ಅದರ ಜೊತೆಗೆ ಬಣ್ಣದ ವಾಸನೆಯೂ ಇತ್ತು. ತೆಕ್ಕಲಕೋಟೆಯಲ್ಲಿ ಹತ್ತಿದ ಹೆಂಗಸೊಬ್ಬಳು ನನ್ನ ಪಕ್ಕದಲ್ಲಿ ಬಂದು ಕೂತಿದ್ದಳು. ಅವಳ ತೊಡೆಯ ಮೇಲೆ ಒಂದು ಮಗು. ಶಾಲೆಯ ಕಾರ್ಯಕ್ರಮ ಮುಗಿಸಿ ಬಂದದ್ದಿರಬೇಕು, ಮುಖಕ್ಕೆಲ್ಲ ಹಳದಿ ಬಣ್ಣ, ಮೇಲೆ ಕಪ್ಪು ಪಟ್ಟೆ. ಹುಲಿ. ಹುಲಿ ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿತ್ತು.

ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ನನಗೆ ಮಾತ್ರ ನಗು ಬರಲಿಲ್ಲ. ಬಾಯಿಗೆ ಒಂದು ಮಾತು ಬಂದು ನಿಂತಿತು. ಅದು ನನ್ನ ಮಾತಲ್ಲ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ವೇಷದಂಗಡಿ ಇಟ್ಟಿದ್ದ, ಎಲ್ಲರೂ ತಾತ ಎಂದೇ ಕರೆಯುತ್ತಿದ್ದ ಮುದುಕರೊಬ್ಬರ ಮಾತು.

ನಾನಾಗ ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಹಲವು ಶಾಲೆಗಳು ಸೇರಿ ನಡೆಸುವ ವಿದ್ಯಾರ್ಥಿ ಕಲಾ ಹಬ್ಬ ಆ ವರ್ಷ ನಮ್ಮ ಮೈದಾನದ ಪಾಲಿಗೆ ಬಂದಿತ್ತು. ಸಿರುಗುಪ್ಪ, ಕುರುಗೋಡು ಕಡೆಯಿಂದಲೂ ಮಕ್ಕಳು ಬರುವವರು. ಹಿಂದಿನ ವರ್ಷದ ಹಬ್ಬ ನೋಡಿದ್ದೆ. ಮಕ್ಕಳು ಕುಣಿದರು, ಹಾಡಿದರು, ಚಿತ್ರ ಬರೆದರು. ಅವರನ್ನು ಕರೆತಂದ ಮನೆಯವರು ಮಾತ್ರ ಶಾಮಿಯಾನದ ಕೆಳಗೆ ಮದುವೆಗೆ ಬಂದು ಊಟ ಸಿಗದವರ ಹಾಗೆ ಕೂತಿದ್ದರು. ಅಪ್ಪಂದಿರು ಚಹಾದಂಗಡಿಗೆ ಹೋದವರು ಅಲ್ಲೇ ಬೇರುಬಿಟ್ಟರು. ಅಮ್ಮಂದಿರು ತೂಕಡಿಸಿದರು. ಬಹುಮಾನ ಕೊಡುವ ಹೊತ್ತಿಗೆ ಅರ್ಧ ಕುರ್ಚಿ ಖಾಲಿ. ಅದಕ್ಕೇ ಈ ಸಲ ನಮ್ಮ ಹೆಡ್‌ಮಾಸ್ಟರು, "ಮನೆಯವರಿಗೂ ಏನಾದ್ರೂ ಇಡ್ರಿ, ನೀವೇ ನೋಡ್ಕೋರಿ" ಎಂದು ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದರು.

ಸಭೆ ಸೇರಿದೆವು. ಪಿ.ಟಿ. ಮೇಷ್ಟ್ರು ನಿಂಬೆಹಣ್ಣು-ಚಮಚ ಅಂದರು. ಅಪ್ಪಂದಿರಿಗೆ ಹಗ್ಗ ಜಗ್ಗಾಟ, ಅಮ್ಮಂದಿರಿಗೆ ರಂಗೋಲಿ ಅಂದರು. ನನಗೆ ರೇಗಿತು. "ಮೇಷ್ಟ್ರೇ, ಮನ್ಯಾಗ ದಿನಾ ಹಾಕೋ ರಂಗೋಲಿ ಹಾಕಾಕ ಅವರು ಬಸ್ ಚಾರ್ಜ್ ಕೊಟ್ಟು ಇಲ್ಲಿಗ್ಯಾಕ ಬರಬೇಕು?" ಎಂದೆ. ಅವರಿಗೆ ಸಿಟ್ಟು ಬಂತು. ಬರಲಿ ಬಿಡಿ ಅಂದುಕೊಂಡೆ. ನನ್ನ ತಲೆಯಲ್ಲಿ ಬೇರೆಯೇ ಒಂದು ಸಂಗತಿ ಕೂತಿತ್ತು. ಹಿಂದಿನ ವರ್ಷ ಒಬ್ಬ ತಾಯಿ ತನ್ನ ಮಗಳ ಕೆನ್ನೆಯ ಬಣ್ಣ ಬೆವರಿಗೆ ಇಳಿಯುತ್ತಿದ್ದುದನ್ನು ನೋಡಿ ಕೈ ಎತ್ತಿದವಳು, ಬಾಡಿಗೆಗೆ ಬಂದ ಬಣ್ಣದವನು ಬೈದಾನೆಂದು ಹೆದರಿ ಕೈ ಇಳಿಸಿಬಿಟ್ಟಿದ್ದಳು. ಹೆತ್ತ ಮಗಳ ಮುಖ ಮುಟ್ಟಲು ಹೆದರಿದ್ದಳು! ನಮ್ಮ ಮಕ್ಕಳ ಮನೆಯವರು ಜೀನ್ಸ್ ಹೊಲಿಯುವವರು, ಭತ್ತದ ಗದ್ದೆಗೆ ಇಳಿಯುವವರು, ಗಾಡಿ ಓಡಿಸುವವರು. ಬೆಳಗಾದರೆ ಮಗುವಿಗೆ ತಲೆ ಬಾಚಿ ಓಡುವ ಜನ. ಅವರು ತಮ್ಮ ಮಗುವಿನ ಮುಖವನ್ನು ಎದುರಿಗೆ ಇಟ್ಟುಕೊಂಡು ಸುಮ್ಮನೆ ಅರ್ಧ ತಾಸು ಕೂರುವುದು ಯಾವಾಗ? ಹಬ್ಬದ ದಿನ ತಂದೆ ತಾಯಿಯೇ ಮಕ್ಕಳ ಮುಖಕ್ಕೆ ಬಣ್ಣ ಹಚ್ಚಲಿ ಅಂದೆ. ಹೆಡ್‌ಮಾಸ್ಟರು ಒಪ್ಪಿದರು. "ಹೇಳಿಕೊಡೋರು ಯಾರು?" ಎಂದರು. ಹಾಗೆ ತಾತನ ಅಂಗಡಿಗೆ ಹೋದೆ.

ಚಿಕ್ಕ ಅಂಗಡಿ. ಮೊಳೆಮೊಳೆಗೂ ಕಿರೀಟ. ಮೂಲೆಯಲ್ಲಿ ಹನುಮಂತನ ಬಾಲಗಳ ರಾಶಿ. ರಾಣಿಯರ ಕತ್ತಿ, ಮುನಿಗಳ ಕೋಲು ಎಲ್ಲ ಒಂದೇ ಡ್ರಮ್ಮಿನಲ್ಲಿ. ತಾತ ಮೂಲತಃ ಸಿರುಗುಪ್ಪದ ಹತ್ತಿರ, ಹೊಳೆ ದಂಡೆಯ ಕೆಂಚನಗುಡ್ಡದವರು. ತಲೆತಲಾಂತರದಿಂದ ಬಯಲಾಟದವರಿಗೆ ಬಣ್ಣ ಹಚ್ಚುವ ಮನೆತನ ಎಂದು ಊರಿಗೆಲ್ಲ ಗೊತ್ತಿತ್ತು. ಆದರೆ ಬಳ್ಳಾರಿಗೆ ಬಂದ ಮೇಲೆ ಅವರು ಬಟ್ಟೆ ಬಾಡಿಗೆ ಕೊಟ್ಟರೇ ಹೊರತು ಒಂದು ಮಗುವಿನ ಹಣೆಗೂ ಬಣ್ಣ ಇಟ್ಟವರಲ್ಲ. ಜಂಬ ಅಂದವರಿದ್ದರು. ನಾನೂ ಹಾಗೇ ತಿಳಿದಿದ್ದೆ.

"ಬಣ್ಣಾ ಹಚ್ಚೋದು ಬಿಟ್ಟೀನಿ ಟೀಚರಮ್ಮ. ಬಟ್ಟಿ ಬೇಕಂದ್ರ ಒಯ್ರಿ," ಎಂದರು. ಒಂದು ಬಾಲಕ್ಕೆ ಹೊಲಿಗೆ ಹಾಕುತ್ತ ತಲೆ ಎತ್ತಲಿಲ್ಲ.

"ನೀವು ಹಚ್ಚೋದು ಬ್ಯಾಡ ತಾತ. ತಂದಿ ತಾಯಿಗೆ ಹೇಳಿಕೊಡ್ರಿ ಸಾಕು. ಅವರವರ ಮಕ್ಕಳಿಗೆ ಅವರವರೇ ಹಚ್ತಾರ."

ಸೂಜಿ ನಿಂತಿತು. "ಹಚ್ತಾರ," ಎಂದರು ತಾತ. "ಒರಸೋರು ಯಾರು?"

ನನಗೆ ಅರ್ಥವಾಗಲಿಲ್ಲ. ಮನೆಗೆ ಹೋಗಿ ತೊಳೆದುಕೊಳ್ಳುತ್ತಾರೆ ಬಿಡಿ ಎಂದೆ. ಆಗ ಅವರು ತಲೆ ಎತ್ತಿ ನನ್ನನ್ನು ನೋಡಿದ ರೀತಿ ಇವತ್ತಿಗೂ ಕಣ್ಣ ಮುಂದಿದೆ...

"ಹಂಗ ತೊಳಕೊಂಡ್ರ ಹೋಗಂಗಿಲ್ರಿ. ಸಫೇದ, ಅಂದ್ರ ಬಿಳಿ ಬಣ್ಣದ ಪುಡಿ, ಕೊಬ್ರಿ ಎಣ್ಣ್ಯಾಗ ಕಲಸಿ ಹಚ್ತೀವಿ ನಾವು. ಅದು ಎಣ್ಣಿಗೇ ಬರಬೇಕು. ನೀರಿಗೆ ಹೋಗಂಗಿಲ್ಲ."

ಅವತ್ತು ಆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅವರ ಮಗನ ಕಥೆ ಕೇಳಿದೆ. ಒಬ್ಬನೇ ಮಗ. ಊರ ಶಾಲೆಯಲ್ಲಿ ಕಾರ್ಯಕ್ರಮ. ಎಲ್ಲ ಮಕ್ಕಳಿಗೂ ಬಣ್ಣ ಹಚ್ಚುವ ಕೆಲಸ ತಾತನದೇ. ಮಗ ಕುಣಿದು ಕುಪ್ಪಳಿಸಿ ಎಲ್ಲರಿಗಿಂತ ಮೊದಲು ತನಗೇ ಹುಲಿ ಬಣ್ಣ ಹಚ್ಚಿಸಿಕೊಂಡ. ಮುಖಕ್ಕೆ, ಎದೆಗೆ, ಬೆನ್ನಿಗೆ. ಅವನ ಕುಣಿತವೂ ಮೊದಲೇ ಮುಗಿಯಿತು. ಬಿಸಿಲಿಗೆ ಮೈಯೆಲ್ಲ ತುರಿಕೆ. ಬಂದು ಕೇಳಿದ: "ಅಪ್ಪಾ, ಒರಸು." ತಾತನ ಮುಂದೆ ಇನ್ನೂ ಸಾಲುಗಟ್ಟಿ ಮಕ್ಕಳು. "ತಡಿಯೋ ಲೇ, ಮಂದಿ ಮಕ್ಕಳು ನಿಂತಾರ," ಎಂದರು. ಹುಡುಗ ಸ್ವಲ್ಪ ಹೊತ್ತು ಅಲ್ಲೇ ಸುಳಿದಾಡಿದ. ಆಮೇಲೆ ಹೊಳೆಗೆ ಹೋದ.

"ದಂಡ್ಯಾಗ ಕುಂತು ಉಸುಕು ಹಚ್ಚಿ ತಿಕ್ಕಿಕೊಂಡನಂತ. ಹೋಗಲಿಲ್ಲ. ಮೊಣಕಾಲು ನೀರಿಗೆ ಇಳದನಂತ. ಹೋಗಲಿಲ್ಲ. ಇನ್ನಾ ಮುಂದಕ್ಕ ಹೋದ್ರ ಹೋಗತೈತೇನೋ ಅಂದನಂತ ಗೆಳ್ಯಾರಿಗೆ..." ತಾತ ಬಾಲವನ್ನು ತೊಡೆಯ ಮೇಲೆ ನೀಟಾಗಿ ಮಡಿಸಿದರು. "ಬಣ್ಣಾ ಹಚ್ಚೋ ಮನ್ಯಾಗ ಹುಟ್ಟಿದ ಹುಡುಗ್ರಿ ಅವ. ಬಣ್ಣಾ ಹೆಂಗ ಹೋಗತೈತಿ ಅಂಬೋದು ಅವಗ ಗೊತ್ತಿದ್ದಿಲ್ಲ. ಯಾಕಂದ್ರ ಯಾವಾಗೂ ನಾನೇ ಒರಸ್ತಿದ್ದೆ. ಹೇಳೋ ಪ್ರಸಂಗನೇ ಬಂದಿದ್ದಿಲ್ಲ. ಸಂಜಿಗೆ ಸಿಕ್ಕ. ಬಣ್ಣಾ ಹಂಗ ಇತ್ತು. ಒಂದು ಪಟ್ಟಿನೂ ಹೋಗಿದ್ದಿಲ್ಲ. ಆಮ್ಯಾಲ ಎಣ್ಣಿ ತಂದು ನಾನೇ ಒರಸಿದೆ."

ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ... ಆ ಗಾದೆಯನ್ನು ಮಕ್ಕಳಿಗೆ ಎಷ್ಟೋ ಸಲ ವಿವರಿಸಿದ್ದೆ. ಅರ್ಥ ತಿಳಿದದ್ದು ಅವತ್ತು.

ಇನ್ನು ಇವರನ್ನು ಬನ್ನಿ ಎಂದು ಕೇಳಬಾರದು ಅಂದುಕೊಂಡು ಎದ್ದೆ. ತಾತನೇ ತಡೆದರು. "ಬರ್ತೀನ್ರಿ. ಆದ್ರ ನಂದೊಂದು ಮಾತು ನಡಿಬೇಕು. ನಮ್ಮ ಮನೆತನದಾಗ ಹಚ್ಚಿದ ಕೈನೇ ಒರಸಬೇಕು. ಇನ್ನೊಬ್ಬರು ಮುಟ್ಟಂಗಿಲ್ಲ. ಹಚ್ಚಿದ ತಂದಿ ತಾಯಿ ಒರಸದ ಹೊರತು ಮೈದಾನ ಬಿಡಬಾರದು. ಬಣ್ಣಾ ಇಟಗೊಂಡು ಒಂದು ಕೂಸೂ ಹೊರಗ ಹೋಗಬಾರದು." ಆ ಕೊನೆಯ ಮಾತು ಹೇಳುವಾಗ ಅವರ ಧ್ವನಿ ಗಡುಸಾಗಿತ್ತು. ಅದೊಂದು ನಡೆದರೆ ತಮ್ಮ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿದೀತು ಎಂಬ ಆಸೆ ಅವರಲ್ಲಿತ್ತು, ನನಗದು ಕಾಣಿಸಿತು. ನನಗೂ ಆ ಕಟ್ಟುಪಾಡು ಇಷ್ಟವಾಯಿತು. ಮನೆಯವರು ಕೊನೆಯವರೆಗೂ ಉಳಿಯುತ್ತಾರೆ ಎಂಬುದು ನನ್ನ ಲೆಕ್ಕಾಚಾರ. ಒಪ್ಪಿದೆ.

ಹಬ್ಬದ ದಿನ ತಾತ ಒಗೆದ ಧೋತರ ಉಟ್ಟು, ಬೆಳಗಿನ ಬಿಸಿಲು ಏರುವ ಮೊದಲೇ ಬಂದು ಕೂತರು. ತಾವು ಯಾವ ಮಗುವಿನ ಮುಖವನ್ನೂ ಮುಟ್ಟಲಿಲ್ಲ. ತಮ್ಮ ಕೆನ್ನೆಯ ಮೇಲೇ ತೋರಿಸಿಕೊಟ್ಟರು: ಮೊದಲು ಎಣ್ಣೆ, ಆಮೇಲೆ ಬಿಳಿ, ಆಮೇಲೆ ಬಣ್ಣ. ಅವತ್ತಿನ ಆ ನೋಟ ನನ್ನ ಪುಣ್ಯ. ಸಿರುಗುಪ್ಪದಿಂದ ಬಂದ ಒಬ್ಬ ತಾಯಿ ಮಗನ ಗದ್ದ ಹಿಡಿದು ಮೀಸೆ ಬರೆಯುತ್ತ, "ನಿಮ್ಮಪ್ಪನ್ನ ಹಂಗ ಕಾಣ್ತಿ ನೋಡಲೇ," ಎಂದು ನಾಚಿ ನಕ್ಕಳು. ಜಗಳವಾಡಿಕೊಂಡೇ ಬಂದಿದ್ದ ಗಂಡ ಹೆಂಡತಿ ಮಗಳ ಎರಡು ಕೆನ್ನೆಗಳನ್ನು ಹಂಚಿಕೊಂಡು ಕೂತರು. ಹಗ್ಗ ಜಗ್ಗಾಟದ ಪಿ.ಟಿ. ಮೇಷ್ಟ್ರು ಕೂಡ ತಮ್ಮ ಮಗನಿಗೆ ಕರಡಿಯ ಮೂತಿ ಬರೆಯುವುದರಲ್ಲಿ ಮುಳುಗಿ ಸೀಟಿ ಊದುವುದನ್ನೇ ಮರೆತರು.

ಕುರುಗೋಡಿನ ಶಾಲೆಯ ಒಬ್ಬ ಹುಡುಗಿ ಗಿಳಿಯ ಪಾತ್ರದವಳು. ಅವಳಪ್ಪ ಇಲ್ಲೇ ಬಳ್ಳಾರಿಯಲ್ಲಿ ಜೀನ್ಸ್ ಬಟ್ಟೆ ತೊಳೆಯುವ ಘಟಕದಲ್ಲಿ ಕೆಲಸಕ್ಕಿದ್ದ. ಉಗುರಿನ ಸಂದಿಯೆಲ್ಲ ನೀಲಿ. ಮಗಳ ಮುಖಕ್ಕೆ ಹಸಿರು ಬಳಿದು ಬಳಿದು ಕೊನೆಗೆ ಅದು ಗಿಳಿಯೂ ಅಲ್ಲ, ಕಪ್ಪೆಯೂ ಅಲ್ಲ ಎಂಬಂತಾಯಿತು. ಹುಡುಗಿ ಕನ್ನಡಿ ನೋಡಿ, "ಅಪ್ಪಾ, ಇದೇನು!" ಎಂದು ಬಿದ್ದು ಬಿದ್ದು ನಕ್ಕಳು. ಅವನೂ ನಕ್ಕ. ತಾತನೂ ನಕ್ಕರು. ತಾತ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ತಾತ ತಾಸಿಗೊಮ್ಮೆ ಮೈಕಿನಲ್ಲಿ ಹೇಳಿಸಿದರು: ಬಣ್ಣ ನೀರಿಗೆ ಹೋಗುವುದಿಲ್ಲ, ಎಣ್ಣೆಗೇ ಹೋಗುವುದು, ಹಚ್ಚಿದವರೇ ಒರೆಸಬೇಕು, ಒರೆಸದೆ ಯಾರೂ ಹೋಗಬಾರದು. ಹೆಡ್‌ಮಾಸ್ಟರಿಗೆ ತಲೆಕೆಟ್ಟು, "ಏನ್ ಟೀಚರ್, ಇದು ಕಲಾ ಹಬ್ಬನೋ ಬಸ್ ಸ್ಟ್ಯಾಂಡೋ?" ಎಂದರು. ತಾತ ಜಗ್ಗಲಿಲ್ಲ. ಎಣ್ಣೆ, ಹಳೆ ಬಟ್ಟೆ ಇಟ್ಟಿದ್ದ ಮೇಜಿನ ಬಳಿ ಕಾವಲು ನಿಂತರು. ಕಾರ್ಯಕ್ರಮ ಮುಗಿಸಿ ಬಂದ ಒಂದೊಂದು ಮಗುವನ್ನೂ ಅದರ ಅಪ್ಪನೋ ಅಮ್ಮನೋ ಒರೆಸುವುದನ್ನು ನೋಡಿ, ಮುಖ ಪೂರ್ತಿ ಸ್ವಚ್ಛವಾಯಿತೋ ಎಂದು ಕಿವಿಯ ಹಿಂದೆಯೂ ಇಣುಕಿ, ಆಮೇಲೆ, "ಹೂಂ, ಹೋಗ್ರಿ," ಅನ್ನುತ್ತಿದ್ದರು.

ಹೊತ್ತು ಇಳಿಯುವಾಗ ಅವರು ನನ್ನ ಬಳಿ ಬಂದರು. "ಆ ಗಿಳಿ ಹುಡುಗಿ ಎಲ್ಲಿ?"

ಅವಳಪ್ಪನಿಗೆ ಘಟಕದಿಂದ ಕರೆ ಬಂದಿತ್ತು. ಈಗ ಬಂದೆ ಎಂದು ಮಗಳಿಗೆ ಹೇಳಿ ಹೋದವನು ಬಂದಿರಲಿಲ್ಲ. ಕುರುಗೋಡಿಗೆ ಹೊರಡುವ ವ್ಯಾನು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿತ್ತು. ಮೇಜಿನ ಹತ್ತಿರ ತನ್ನ ಮಗನನ್ನು ಒರೆಸುತ್ತಿದ್ದ ಒಬ್ಬ ತಾಯಿಯನ್ನು ಕೇಳಿದೆವು. "ಈ ತಾತ ಗೇಟಿನ ಕಡಿ ಹೋದಾಗ ಬಂದಿದ್ಲ್ರಿ," ಎಂದಳು ಆಕೆ. "ಅಕ್ಕಾ, ನನಗೂ ಒರಸ್ರಿ ಅಂದ್ಲು. ನಾ ಮುಟ್ಟಬಾರದಲ್ರೀ, ಹಚ್ಚಿದೋರೇ ಒರಸಬೇಕಂತ ಮೈಕಿನ್ಯಾಗ ಹೇಳಾಕತ್ತಾರಲ್ಲ. ನಿಮ್ಮಪ್ಪ ಬರ್ತಾನ ತಡಿಯವ್ವ ಅಂದೆ. ಒಂಚೂರು ಹೊತ್ತು ಇಲ್ಲೇ ನಿಂತಿದ್ದಳು..."

ಅಷ್ಟು ಕೇಳಿದ್ದೇ ತಡ, ತಾತ ನೀರಿದ್ದ ಕಡೆಗೆ, ಶಾಲೆಯ ಹಿಂಭಾಗಕ್ಕೆ ಓಡಿದರು. ಆ ವಯಸ್ಸಿನಲ್ಲಿ ಹಾಗೆ ಓಡುವುದನ್ನು ನಾನು ನೋಡಿರಲಿಲ್ಲ. ಹಿಂದೆ ನಾನೂ ಓಡಿದೆ. ಅಲ್ಲಿ ಅಡುಗೆಯವರು ನೀರು ಸೇದಲೆಂದು ನೆಲದೊಳಗಿನ ಸಂಪಿನ ಮುಚ್ಚಳ ತೆಗೆದು ಹಾಗೇ ಬಿಟ್ಟಿದ್ದರು. ಹುಡುಗಿ ಅದರ ಅಂಚಿನಲ್ಲಿ ಬೋರಲಾಗಿ ಮಲಗಿ, ಕೈಗೆ ನೀರು ಎಟುಕಿಸಿಕೊಳ್ಳಲು ನೋಡುತ್ತಿದ್ದಳು. ಇಟ್ಟಿಗೆಯ ಚೂರಿನಿಂದ ತಿಕ್ಕಿ ತಿಕ್ಕಿ ಒಂದು ಕೆನ್ನೆಯಲ್ಲಿ ರಕ್ತ ಜಿನುಗುತ್ತಿತ್ತು. ಹಸಿರು ಹಾಗೇ ಇತ್ತು. ನೀರು ಎಟುಕಲಿಲ್ಲವೆಂದು ಅವಳು ಇನ್ನೂ ಸ್ವಲ್ಪ ಮುಂದಕ್ಕೆ ಜರುಗಿದಳು...

ತಾತ ಕೂಗಲಿಲ್ಲ. ಕೂಗಿದರೆ ಬೆದರುತ್ತಾಳೆಂದು ಹೊಳೆದಿರಬೇಕು. ಸದ್ದಿಲ್ಲದೆ ಹೋಗಿ ಅವಳ ಎರಡೂ ಕಾಲು ಗಟ್ಟಿಯಾಗಿ ಹಿಡಿದು ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಸಂಪಿನ ಮುಚ್ಚಳ ಎಳೆದು ಮುಚ್ಚಿ, ಅಲ್ಲೇ ನೆಲದ ಮೇಲೆ ಕೂತರು. ಹುಡುಗಿ ತಪ್ಪು ಮಾಡಿದೆನೆಂದು ಹೆದರಿ ಅಳತೊಡಗಿದಳು. "ವ್ಯಾನು ಹೋಗತೈತ್ರಿ... ನಮ್ಮಪ್ಪ ಬರಲಿಲ್ಲ... ಯಾರೂ ಒರಸವಲ್ರು..."

ನಾನು ಮೇಜಿನಿಂದ ಎಣ್ಣೆಯ ಬಟ್ಟಲು ತಂದೆ. ಒರೆಸಲು ಹೋದವಳ ಕೈಯಿಂದ ತಾತ ಅದನ್ನು ತೆಗೆದುಕೊಂಡರು. ಅಷ್ಟು ವರ್ಷ ಯಾವ ಮಗುವಿನ ಮುಖವನ್ನೂ ಮುಟ್ಟದ ಕೈ ಅದು. ಗಾಯವನ್ನು ಬಿಟ್ಟು ಬಿಟ್ಟು, ಹಣೆ, ಮೂಗು, ಕಣ್ಣಿನ ರೆಪ್ಪೆ, ಎಲ್ಲ ಒರೆಸಿದರು. ಒರೆಸುತ್ತ ಒರೆಸುತ್ತ ಮಗುವಿಗೆ ಪಾಠ ಹೇಳುವಂತೆ ಮೆಲ್ಲಗೆ ಹೇಳಿದರು: "ನೀರಿಗೆ ಹೋಗಂಗಿಲ್ಲವ್ವ. ಎಣ್ಣಿಗೆ ಹೋಗತೈತಿ. ನೋಡು, ಎಷ್ಟು ಸಲೀಸು ಬರತೈತಿ. ತಿಕ್ಕಬಾರದು. ನೀರಿಗೆ ಹೋಗಬಾರದು..." ಅದನ್ನೇ ಮತ್ತೆ ಮತ್ತೆ ಹೇಳಿದರು. ಅವರು ಮಾತಾಡುತ್ತಿದ್ದುದು ಆ ಹುಡುಗಿಯೊಂದಿಗಲ್ಲ ಎಂದು ನನಗೆ ಗೊತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ.

ಆಮೇಲೆ ತಾತ ಎದ್ದು ನೇರ ವೇದಿಕೆಗೆ ಹೋಗಿ ಮೈಕ್ ಹಿಡಿದರು. "ಯಾರ ಕೈಯಾದ್ರೂ ಒರಸ್ರಿ," ಎಂದರು. "ಯಾರ ಕೂಸಾದ್ರೂ ಒರಸ್ರಿ. ಹಚ್ಚಿದೋರನ್ನ ಕಾಯಬ್ಯಾಡ್ರಿ." ಅಷ್ಟೇ. ಜನಕ್ಕೆ ತಲೆಬುಡ ತಿಳಿಯಲಿಲ್ಲ.

ಹುಡುಗಿ ಹೋದ ಮೇಲೆ ಅವಳಪ್ಪ ಏದುಸಿರು ಬಿಡುತ್ತ ಬಂದ. ಮಗಳು ವ್ಯಾನು ಹತ್ತಿದಳು, ಮುಖ ಒರೆಸಿಯಾಯಿತು ಎಂದೆ. ಅವನ ಮುಖ ಸಣ್ಣದಾಯಿತು. "ನಾನೇ ಒರಸಬೇಕಂತ ಓಡಿ ಬಂದೆ..." ಎಂದ. ತಾತ ಅವನ ನೀಲಿ ಕೈಗಳನ್ನು ಹಿಡಿದುಕೊಂಡು, "ತಪ್ಪಾತಪ್ಪ, ನಾ ಒರಸಿಬಿಟ್ಟೆ," ಎಂದರು.

ಶಾಮಿಯಾನ ಬಿಚ್ಚುವಾಗ ತಾತ ಕುರ್ಚಿಯಲ್ಲಿ ಹಾಗೇ ಕೂತಿದ್ದರು. ಒಂದು ಮಗುವಿಗೂ ಏನೂ ಆಗಲಿಲ್ಲವಲ್ಲ ತಾತ, ನಿಮ್ಮ ದೆಸೆಯಿಂದ ಒಂದು ಜೀವ ಉಳಿಯಿತು ಎಂದು ಸಮಾಧಾನ ಹೇಳಿದೆ. ಅವರು ತಲೆ ಅಲ್ಲಾಡಿಸಿದರು.

"ನಿಮಗ ಒಂದು ಮಾತು ಹೇಳಿದ್ದಿಲ್ಲ ಟೀಚರಮ್ಮ. ಅವತ್ತು ನನ್ನ ಬಾಜೂಕ ನನ್ನ ತಮ್ಮ ಕುಂತಿದ್ದ. ಎಣ್ಣಿ ಬಟ್ಟಲಾ ಅವನ ಕೈಯಾಗೇ ಇತ್ತು. ನಮ್ಮ ಹುಡುಗ ಅವನ ಕಡಿನೂ ಹೋದ. ಕಾಕಾ, ನೀನರ ಒರಸು ಅಂದ. ಹಚ್ಚಿದ ಕೈನೇ ಒರಸಬೇಕೋ, ನಿಮ್ಮಪ್ಪ ಬರಲಿ ಅಂದ ನನ್ನ ತಮ್ಮ. ಇಷ್ಟು ದಿನ ನಾನು ಹೊತ್ತು ಮಾಡಿದೆ, ಅದಕ್ಕ ಹುಡುಗ ಹೋದ ಅನಕೊಂಡಿದ್ದೆ. ಅಲ್ರೀ. ಒರಸಾಕ ಕೈ ಇತ್ತು. ಎಣ್ಣಿನೂ ಇತ್ತು. ನಮ್ಮ ಮಾತು ಅಡ್ಡ ಬಂತು. ಅದ ಮಾತು ಇವತ್ತೂ ಮೈಕಿನ್ಯಾಗ ಹೇಳಿಸಿದೆ ನೋಡ್ರಿ."

ಹೊತ್ತಾಗಿದ್ದು ತಪ್ಪಾದರೆ ಅದು ಯಾರಿಗಾದರೂ ಆಗುವಂಥದ್ದು. ಹೇಗೋ ನುಂಗಿಕೊಂಡು ಬದುಕಿದ್ದರು. ಅಪ್ಪ, ಅಜ್ಜ ಎಲ್ಲರೂ ತಲೆಯ ಮೇಲೆ ಹೊತ್ತು ಬಂದ ಕಟ್ಟುಪಾಡೇ ಮಗನನ್ನು ನೀರಿಗೆ ಕಳಿಸಿತು ಅನ್ನುವುದನ್ನು ಹೇಗೆ ನುಂಗುವುದು? ಹಬ್ಬ ಚೆನ್ನಾಗಿ ನಡೆಯಿತೆಂದು ಎಲ್ಲರೂ ನನ್ನನ್ನು ಹೊಗಳಿದರು. ನನಗೆ ಆ ಹೊಗಳಿಕೆ ಮೈಗೆ ಹತ್ತಲಿಲ್ಲ.

ಅದಾದ ಮೇಲೆ ತಾತನ ಅಂಗಡಿಯ ಬಾಗಿಲು ತೆರೆದದ್ದಕ್ಕಿಂತ ಮುಚ್ಚಿದ್ದೇ ಹೆಚ್ಚು. ಒಮ್ಮೆ ಹೋದಾಗ ಕತ್ತಲಲ್ಲೇ ಕೂತಿದ್ದರು. ನನಗೊಂದು ಚಹಾ ತರಿಸಿದರು. ಮುಂದಿನ ವರ್ಷದ ಹಬ್ಬಕ್ಕೆ ಕರೆಯಲು ಹೋದರೆ ಅಲ್ಲಿ ಮೊಬೈಲ್ ಕವರ್ ಮಾರುವ ಅಂಗಡಿ ಇತ್ತು. ಊರಿಗೆ ಹೋದರು, ಮಳೆಗಾಲದಲ್ಲಿ ತೀರಿಕೊಂಡರಂತೆ ಎಂದರು ಅಕ್ಕಪಕ್ಕದವರು. ಕಿರೀಟ, ಬಾಲ, ಕತ್ತಿ ಎಲ್ಲ ಏನಾದವೋ... ಯಾರಿಗೂ ಗೊತ್ತಿರಲಿಲ್ಲ.

ಬಸ್ಸು ಸಿಂಧಿಗೇರಿ ದಾಟಿತ್ತು. ಪಕ್ಕದ ಹೆಂಗಸು ನೀರಿನ ಬಾಟಲಿ ತೆಗೆದು ಕರವಸ್ತ್ರ ಒದ್ದೆ ಮಾಡಿಕೊಂಡಳು. ನಾನು ತಡೆಯಲಾರದೆ, "ನೀರಿಗೆ ಹೋಗಂಗಿಲ್ಲಮ್ಮ, ಮನಿಗೆ ಹೋಗಿ ಕೊಬ್ರಿ ಎಣ್ಣಿ ಹಚ್ಚಿ..." ಅನ್ನುವಷ್ಟರಲ್ಲಿ ಅವಳು ಹುಲಿಯ ಹಣೆ ಒರೆಸಿದ್ದಳು. ಹಳದಿ, ಕಪ್ಪು ಎಲ್ಲ ಕರವಸ್ತ್ರಕ್ಕೆ ಬಂದು, ಒಳಗಿನಿಂದ ಮಗುವಿನ ಎಳೆಯ ಹಣೆ ಕಂಡಿತು.

"ಹೋಗತೈತ್ರಿ ಅಕ್ಕಾರ," ಎಂದು ಅವಳು ನಕ್ಕಳು. "ಈಗಿನ ಬಣ್ಣ ನೀರಾಗ ಹೋಗತಾವ. ಸಾಲಿ ಮೇಡಮ್ಮಾರು ಹಚ್ಚಿ ಕಳಿಸ್ಯಾರ, ಒರಸಾಕ ಯಾರಿಗೂ ಹೊತ್ತಿಲ್ಲ ನೋಡ್ರಿ."

ನಾನು ಆ ಕರವಸ್ತ್ರವನ್ನು ನೋಡಿದೆ. ಇಷ್ಟೇ. ಇಷ್ಟೇ ಸಾಕಾಗಿತ್ತು ಆ ಹುಡುಗನಿಗೆ. ದಂಡೆಯಲ್ಲೇ ಕೂತು ಒಂದು ಬೊಗಸೆ ನೀರು... ತಾತನಿಗೆ ಹೇಳಬೇಕು ಅನ್ನಿಸಿತು. ಹೇಳಲು ತಾತ ಇಲ್ಲ. ಇದ್ದಿದ್ದರೂ ಇದನ್ನು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ.

ಬಸ್ಸು ಗುಂಡಿಗೆ ಇಳಿದು ಎದ್ದಿತು. ಮಗು ಜಾರದಂತೆ ಅವಳು ಎರಡೂ ಕೈಯಿಂದ ಅವುಚಿಕೊಂಡಳು. ಆಮೇಲೆ ಕರವಸ್ತ್ರವನ್ನು ನನ್ನ ಕಡೆ ಚಾಚಿ, "ಈ ಕಡಿ ಗಲ್ಲ ನೀವೇ ಒಂಚೂರು ಒರಸ್ರಿ ಅಕ್ಕಾರ, ನನಗ ಕೈ ಸಾಲವಲ್ಲದು," ಎಂದಳು.

ನಾನು ಒರೆಸಿದೆ. ಬಣ್ಣ ಪೂರ್ತಿ ಹೋಯಿತು. ಕಿವಿಯ ಹಿಂದೆಯೂ ಒಮ್ಮೆ ನೋಡಿದೆ.